ಹೆಸರು ಬರೆಸಿಕೊಂಡ ದೇಶ: ಗಣರಾಜ್ಯೋತ್ಸವದ ಮುನ್ನಾದಿನ ಹುಟ್ಟಿದ ಚುನಾವಣಾ ಆಯೋಗ

ಭಾರತದ ಚುನಾವಣಾ ಆಯೋಗ ನಮ್ಮ ಗಣರಾಜ್ಯಕ್ಕಿಂತ ಒಂದು ದಿನ ದೊಡ್ಡದು. ಆಯೋಗ ಅಸ್ತಿತ್ವಕ್ಕೆ ಬಂದದ್ದು 1950ರ ಜನವರಿ 25ರಂದು, ಮರುದಿನ ಗಣರಾಜ್ಯ. ಈ ಕ್ರಮ ಆಕಸ್ಮಿಕವಾಗಿ ಬಂದದ್ದಲ್ಲ. 1949ರ ನವೆಂಬರ್ 26ರಂದು ಸಂವಿಧಾನ ಅಂಗೀಕಾರವಾದಾಗ ಅದರ ಬಹುಪಾಲು ವಿಧಿಗಳು ಇನ್ನೆರಡು ತಿಂಗಳು ಕಾಯಬೇಕಾಗಿತ್ತು. ಅಂದೇ ಜಾರಿಗೆ ಬಂದ ಬೆರಳೆಣಿಕೆಯ ವಿಧಿಗಳಲ್ಲಿ ಎರಡು ಬಗೆಯವು ಎದ್ದು ಕಾಣುತ್ತವೆ. ಯಾರು ಪ್ರಜೆ ಎಂದು ಹೇಳುವ ಪೌರತ್ವದ ವಿಧಿಗಳು ಒಂದು, ಆ ಪ್ರಜೆಯ ಮತವನ್ನು ಕಾಯಲು ಆಯೋಗವೊಂದು ಇರಬೇಕೆನ್ನುವ 324ನೇ ವಿಧಿ ಇನ್ನೊಂದು. ಮನೆ ಕಟ್ಟುವ ಮೊದಲೇ ಮನೆಯವರ ಹೆಸರನ್ನೆಲ್ಲ ಬರೆದಿಡುವ ಎಚ್ಚರ ಅದು.

ಜನವರಿ 26 ನಮಗೆ ಸ್ವಾತಂತ್ರ್ಯ ಹೋರಾಟ ಕೊಟ್ಟುಹೋದ ದಿನ. 1929ರ ಡಿಸೆಂಬರಿನಲ್ಲಿ ಲಾಹೋರ್ ಕಾಂಗ್ರೆಸ್ ಅಧಿವೇಶನ ಪೂರ್ಣ ಸ್ವರಾಜ್ಯದ ನಿರ್ಣಯ ಮಾಡಿತು. 1930ರ ಜನವರಿ 26ರಂದು ಊರೂರುಗಳಲ್ಲಿ ಜನ ಸೇರಿ ಪ್ರತಿಜ್ಞೆ ತೊಟ್ಟರು. ಆ ನೆನಪಿಗಾಗಿಯೇ ಸಂವಿಧಾನ ಜಾರಿಗೆ ಬರಲು ಅದೇ ತಾರೀಖನ್ನು ಆಯ್ದುಕೊಂಡರು. ಅಂದು ಧ್ವಜ ಏರುತ್ತದೆ, ಪಥಸಂಚಲನ ಸಾಗುತ್ತದೆ, ಶಾಲೆಯ ಅಂಗಳದಲ್ಲಿ ಮಕ್ಕಳು ಸಿಹಿ ತಿನ್ನುತ್ತಾರೆ. ಅವೆಲ್ಲವೂ ಬೇಕು. ಆದರೆ ಗಣರಾಜ್ಯ ಈ ನೆಲದ ಬದುಕಿನಲ್ಲಿ ತಂದ ಅತಿದೊಡ್ಡ ಬದಲಾವಣೆಯ ಗುರುತು ಸಿಗುವುದು ಸಾದಾ ಕಾಗದದ ಮೇಲೆ ಅಚ್ಚಾದ ಮತದಾರರ ಪಟ್ಟಿಯಲ್ಲಿ. ಒಡೆಯ ಮತ್ತು ಒಕ್ಕಲು, ಗಂಡ ಮತ್ತು ಹೆಂಡತಿ, ಅಗ್ರಹಾರ ಮತ್ತು ಕೇರಿ ಒಂದೇ ಅಳತೆಯ ಅಕ್ಷರದಲ್ಲಿ, ಒಂದರ ಕೆಳಗೊಂದು ಸಾಲಾಗಿ ಕೂತದ್ದು ಅಲ್ಲೇ ಮೊದಲು. ಆಯೋಗದ ಏಳೂವರೆ ದಶಕಗಳ ಚರಿತ್ರೆಯೆಂದರೆ ಈ ಪಟ್ಟಿಯೊಳಗೆ ಯಾರು ಬಂದರು, ಹೇಗೆ ಬಂದರು, ಯಾರು ಇನ್ನೂ ಹೊರಗಿದ್ದಾರೆ ಎಂಬುದರ ಚರಿತ್ರೆ.

ಆಸ್ತಿಯಿದ್ದವರ ಮತ

ಮತ ಎಂಬುದು ನಮ್ಮ ನಾಡಿಗೆ 1950ರಲ್ಲಿ ಹೊಸದಾಗಿ ಬಂದದ್ದಲ್ಲ. ಮೈಸೂರು ಸಂಸ್ಥಾನದಲ್ಲಿ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ, 1881ರ ಅಕ್ಟೋಬರ್ 7ರಂದು, 144 ಸದಸ್ಯರ ಪ್ರಜಾಪ್ರತಿನಿಧಿ ಸಭೆ ಮೊದಲ ಬಾರಿ ಸೇರಿತು. ಅದು ನಾವು ಹೆಮ್ಮೆಪಡಬೇಕಾದ ಆರಂಭ. ಆದರೆ ಆ ಸಭೆಯಲ್ಲಿ ಕೂತವರು ಜಮೀನುದಾರರು, ವರ್ತಕರು, ಕಂದಾಯ ಕಟ್ಟುವವರು. ಮುಂದೆ ಚುನಾವಣೆ ಬಂದಾಗಲೂ ಮತ ಆಸ್ತಿಗೆ, ತೆರಿಗೆಗೆ, ಓದಿಗೆ ಅಂಟಿಕೊಂಡೇ ಇತ್ತು. ಬ್ರಿಟಿಷ್ ಪ್ರಾಂತ್ಯಗಳ ಕಥೆಯೂ ಇದೇ. 1935ರ ಕಾಯಿದೆಯಡಿ ನಡೆದ 1937ರ ಚುನಾವಣೆಯಲ್ಲಿ ಮತದಾರರು ಸುಮಾರು 3 ಕೋಟಿ ಮಾತ್ರ. ಉಳಿದವರ ಪರವಾಗಿ ಉಳ್ಳವರೇ ಮಾತಾಡಿಕೊಂಡರು. ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯರು 1926ರಲ್ಲಿ ಮದ್ರಾಸ್ ವಿಧಾನ ಪರಿಷತ್ತಿಗೆ ಸ್ಪರ್ಧಿಸಿ ಅಲ್ಪ ಮತಗಳಿಂದ ಸೋತರು. ಹೆಣ್ಣೊಬ್ಬಳು ಉಮೇದುವಾರಳಾಗಿ ನಿಂತದ್ದೇ ಆಗ ದೊಡ್ಡ ಸುದ್ದಿ.

ಎಲ್ಲರಿಗೂ ಮತ ಬೇಕೆಂಬ ಬೇಡಿಕೆ ಇದರ ಬೆನ್ನಲ್ಲೇ ಬೆಳೆಯಿತು. 1928ರಲ್ಲಿ ಸೈಮನ್ ಆಯೋಗದ ಮುಂದೆ ಅಂಬೇಡ್ಕರರು ವಯಸ್ಕ ಮತಾಧಿಕಾರ ಕೇಳಿದರು. ಅದೇ ವರ್ಷ ಬಂದ ನೆಹರೂ ವರದಿಯೂ ಅದನ್ನೇ ಕೇಳಿತು. ಸಂವಿಧಾನ ಸಭೆಯ ಮುಂದೆ ಈ ಪ್ರಶ್ನೆ ಬಂದಾಗ ಅನುಮಾನಗಳಿಗೆ ಕೊರತೆಯಿರಲಿಲ್ಲ. 1951ರ ಜನಗಣತಿಯ ಪ್ರಕಾರ ದೇಶದಲ್ಲಿ ಅಕ್ಷರ ಬಲ್ಲವರು ನೂರಕ್ಕೆ 18 ಜನ; ಹೆಂಗಸರಲ್ಲಂತೂ ನೂರಕ್ಕೆ 9ರ ಆಸುಪಾಸು. ಯುರೋಪಿನ ಎಷ್ಟೋ ದೇಶಗಳು ಮೊದಲು ಆಸ್ತಿವಂತರಿಗೆ, ಆಮೇಲೆ ಕೆಲಸಗಾರರಿಗೆ, ಕಟ್ಟಕಡೆಗೆ ಹೆಂಗಸರಿಗೆ ಎಂದು ಹಂತಹಂತವಾಗಿ ಕೊಟ್ಟದ್ದನ್ನು ಭಾರತ ಒಂದೇ ಸಲಕ್ಕೆ ಕೊಟ್ಟಿತು. 326ನೇ ವಿಧಿಯಂತೆ 21 ವರ್ಷ ತುಂಬಿದ ಪ್ರತಿಯೊಬ್ಬ ಪೌರನಿಗೂ ಮತ. 325ನೇ ವಿಧಿಯಂತೆ ಕ್ಷೇತ್ರಕ್ಕೊಂದೇ ಪಟ್ಟಿ. ಧರ್ಮ, ಜನಾಂಗ, ಜಾತಿ, ಲಿಂಗದ ಕಾರಣಕ್ಕೆ ಯಾರನ್ನೂ ಅದರಿಂದ ಹೊರಗಿಡುವಂತಿಲ್ಲ. ಧರ್ಮಕ್ಕೊಂದು ಪ್ರತ್ಯೇಕ ಮತದಾರ ವರ್ಗವೆಂಬ ಹಳೆಯ ಪದ್ಧತಿಗೆ ಅಲ್ಲಿ ತೆರೆಬಿತ್ತು.

ಸಂವಿಧಾನಕ್ಕಿಂತ ಮೊದಲು ಪಟ್ಟಿ

ಸಂವಿಧಾನ ಇನ್ನೂ ಕರಡಿನಲ್ಲಿರುವಾಗಲೇ ಮತದಾರರ ಪಟ್ಟಿಯ ಕೆಲಸ ಶುರುವಾಗಿತ್ತು. ಆ ಕೆಲಸದ ಹಿಂದೆ ಇದ್ದವರು ಸಂವಿಧಾನ ಸಭೆಯ ಸಲಹೆಗಾರ ಬೆನಗಲ್ ನರಸಿಂಗ ರಾವ್, 1887ರಲ್ಲಿ ಮಂಗಳೂರಿನಲ್ಲಿ ಹುಟ್ಟಿದವರು. ಸಂವಿಧಾನದ ಮೊದಲ ಕರಡನ್ನು ಸಿದ್ಧಪಡಿಸಿದವರೆಂದು ಅವರನ್ನು ಸ್ಮರಿಸುತ್ತೇವೆ. ಅವರ ಮಾರ್ಗದರ್ಶನದಲ್ಲಿ ಸಂವಿಧಾನ ಸಭೆಯ ಸಚಿವಾಲಯ ಮಾಡಿದ ಇನ್ನೊಂದು ಕೆಲಸ ಅಷ್ಟು ಪ್ರಸಿದ್ಧವಲ್ಲ. 1948ರ ಮಾರ್ಚಿನಲ್ಲಿ ಎಲ್ಲ ಪ್ರಾಂತ್ಯಗಳಿಗೂ ಸಂಸ್ಥಾನಗಳಿಗೂ ಸೂಚನೆ ಹೋಯಿತು: 21 ತುಂಬಿದ ಎಲ್ಲರ ಹೆಸರನ್ನೂ ಬರೆಯಿರಿ. ಮತಾಧಿಕಾರದ ವಿಧಿಗೆ ಆಗಿನ್ನೂ ಅಂತಿಮ ಒಪ್ಪಿಗೆ ಸಿಕ್ಕಿರಲಿಲ್ಲ.

ಕಾಲವಾದರೂ ಎಂಥದ್ದು! ವಿಭಜನೆಯ ಗಾಯ ಹಸಿಯಾಗಿತ್ತು. ಲಕ್ಷಾಂತರ ನಿರಾಶ್ರಿತರು ಶಿಬಿರಗಳಲ್ಲಿದ್ದರು. ಐನೂರಕ್ಕೂ ಹೆಚ್ಚು ಸಂಸ್ಥಾನಗಳು ಒಕ್ಕೂಟಕ್ಕೆ ಸೇರುತ್ತಿದ್ದವು. ನಿನ್ನೆ ಗಡಿ ದಾಟಿ ಬಂದವನಿಗೆ ಊರಿನ ವಿಳಾಸ ಎಲ್ಲಿಂದ ಬರಬೇಕು? ಇಲ್ಲೇ ಕಾಯಂ ನೆಲೆಸುತ್ತೇನೆಂದು ಅವನು ಹೇಳಿಕೆ ಕೊಟ್ಟರೆ ಸಾಕು, ಹೆಸರು ಸೇರಿಸಿ ಎಂದು ಸಚಿವಾಲಯ ಸ್ಪಷ್ಟಪಡಿಸಿತು. ದಾಖಲೆಯಿಲ್ಲದವನನ್ನು ಹೊರಗಟ್ಟಲು ನೆಪ ಹುಡುಕುವ ಬದಲು ಅವನನ್ನು ಒಳಗೆ ತರಲು ದಾರಿ ಹುಡುಕಿದ ಆಡಳಿತ ಅದು. ಗುಮಾಸ್ತರು, ಶಾನುಭೋಗರು, ತಲಾಟಿಗಳು, ಪಟವಾರಿಗಳು ಮನೆಮನೆಗೆ ಹೋದರು. ಅಲ್ಲಿಯವರೆಗೆ ಸರಕಾರದ ಕಾಗದದಲ್ಲಿ ಕಂದಾಯದ ಬಾಕಿದಾರನಾಗಿಯೋ ಕೋರ್ಟಿನ ಆರೋಪಿಯಾಗಿಯೋ ಮಾತ್ರ ಹೆಸರು ಬಂದಿದ್ದವನು ಮೊದಲ ಸಲ ನಾಡಿನ ಒಡೆಯನಾಗಿ ದಾಖಲಾದ.

ಪಟ್ಟಿ ಮಾಡುವಾಗ ಎದ್ದ ದೂರುಗಳೇ ಚುನಾವಣಾ ಆಯೋಗದ ರೂಪವನ್ನೂ ತಿದ್ದಿದವು. ಮೊದಲಿನ ಯೋಜನೆಯಲ್ಲಿ ಪ್ರಾಂತ್ಯಕ್ಕೊಂದು ಬೇರೆ ಆಯೋಗವಿತ್ತು. 1949ರ ಜೂನ್ 15ರಂದು ಅಂಬೇಡ್ಕರರು ಸಂವಿಧಾನ ಸಭೆಯಲ್ಲಿ ಅದನ್ನು ಬದಲಿಸಿ, ಇಡೀ ದೇಶಕ್ಕೆ ಒಂದೇ ಸ್ವತಂತ್ರ ಆಯೋಗ ಬೇಕೆಂಬ ತಿದ್ದುಪಡಿ ಮಂಡಿಸಿದರು. ಅವರು ಕೊಟ್ಟ ಕಾರಣ ಇದು: ಕೆಲವು ಪ್ರಾಂತ್ಯಗಳಲ್ಲಿ ಅಲ್ಲಿನ ಬಹುಸಂಖ್ಯಾತರಿಗಿಂತ ಭಾಷೆಯಲ್ಲೋ ಜನಾಂಗದಲ್ಲೋ ಸಂಸ್ಕೃತಿಯಲ್ಲೋ ಬೇರೆಯಾದ ಜನರನ್ನು ಪಟ್ಟಿಯಿಂದ ಬಿಡುತ್ತಿದ್ದಾರೆ, ಮತದಿಂದ ವಂಚಿಸುವುದು ಪ್ರಜಾಪ್ರಭುತ್ವದ ಬೇರಿಗೇ ಏಟು. ಹೀಗೆ, ಯಾರದೋ ಹೆಸರು ಬಿಟ್ಟುಹೋಗುತ್ತಿದೆ ಎಂಬ ಆತಂಕದಲ್ಲೇ ಈ ಸಂಸ್ಥೆ ಹುಟ್ಟಿತು. ಆಯೋಗದ ಜನ್ಮದಿನವನ್ನು ನೆನೆಯುವಾಗ ಅದರ ಈ ಜನ್ಮಕಾರಣವನ್ನು ಮರೆಯಬಾರದು.

ಸುಕುಮಾರ ಸೇನ್ ಕಟ್ಟಿದ ಚುನಾವಣೆ

1950ರ ಮಾರ್ಚಿನಲ್ಲಿ ಮೊದಲ ಮುಖ್ಯ ಚುನಾವಣಾ ಆಯುಕ್ತರಾಗಿ ಬಂದವರು ಸುಕುಮಾರ ಸೇನ್. ಪಶ್ಚಿಮ ಬಂಗಾಳದ ಮುಖ್ಯ ಕಾರ್ಯದರ್ಶಿಯಾಗಿದ್ದ ಐಸಿಎಸ್ ಅಧಿಕಾರಿ; ಓದಿದ್ದು ಗಣಿತ. ಅವರ ಮುಂದಿದ್ದದ್ದು ಸುಮಾರು 17 ಕೋಟಿ 30 ಲಕ್ಷ ಮತದಾರರು. ಅವರಲ್ಲಿ ಹೆಚ್ಚಿನವರಿಗೆ ಓದು ಬಾರದು. ಹೆಚ್ಚಿನವರು ಹಿಂದೆಂದೂ ಮತ ಹಾಕಿದವರಲ್ಲ. ಪಟ್ಟಿಯನ್ನು ಬೆರಳಚ್ಚು ಮಾಡಿ ಜೋಡಿಸಲು 16,500 ಗುಮಾಸ್ತರನ್ನು ಆರು ತಿಂಗಳ ಕರಾರಿನ ಮೇಲೆ ತೆಗೆದುಕೊಂಡರು. ಅಚ್ಚು ಮಾಡಲು 3,80,000 ರೀಮು ಕಾಗದ ಬೇಕಾಯಿತು. ಎರಡು ಲಕ್ಷಕ್ಕೂ ಹೆಚ್ಚು ಮತಗಟ್ಟೆಗಳು, ಇಪ್ಪತ್ತು ಲಕ್ಷ ಉಕ್ಕಿನ ಮತಪೆಟ್ಟಿಗೆಗಳು. ಸೇತುವೆಯಿಲ್ಲದ ಹೊಳೆ, ರಸ್ತೆಯಿಲ್ಲದ ಕಣಿವೆ, ದೋಣಿಯಷ್ಟೇ ಹೋಗಬಲ್ಲ ದ್ವೀಪ, ಎಲ್ಲಿಗೂ ಪೆಟ್ಟಿಗೆ ಹೋಗಲೇಬೇಕಿತ್ತು.

ಓದು ಬಾರದವನು ತನ್ನ ಮತವನ್ನು ತಾನೇ, ಗುಟ್ಟಾಗಿ ಹಾಕುವುದು ಹೇಗೆ? ಇದಕ್ಕೆ ಸಿಕ್ಕ ಉತ್ತರ ಚಿಹ್ನೆ. ಜೋಡೆತ್ತು, ಗುಡಿಸಲು, ಮರ, ದೀಪ, ಆನೆ ಎಂದು ದಿನಬೆಳಗಾದರೆ ಕಣ್ಣಿಗೆ ಬೀಳುವ ವಸ್ತುಗಳನ್ನೇ ಆರಿಸಿದರು. ಪ್ರತಿ ಉಮೇದುವಾರನಿಗೂ ಒಂದೊಂದು ಪೆಟ್ಟಿಗೆ, ಪೆಟ್ಟಿಗೆಯ ಮೇಲೆ ಅವನ ಚಿಹ್ನೆ. ಮತದಾರ ಬರೆಯುವುದೇನೂ ಇಲ್ಲ. ಕೈಯಲ್ಲಿದ್ದ ಚೀಟಿಯನ್ನು ತನಗೆ ಬೇಕಾದ ಪೆಟ್ಟಿಗೆಗೆ ಹಾಕಿದರೆ ಆಯಿತು. ಚೀಟಿಯ ಮೇಲೆ ಗುರುತು ಒತ್ತುವ ಪದ್ಧತಿ 1960ರ ನಂತರ ಬಂತು. ಅಕ್ಷರವಿಲ್ಲದ ಕೂಲಿಯಾಳು ಇನ್ನೊಬ್ಬರ ಸಹಾಯ ಕೇಳದೆ, ತನ್ನ ಒಡೆಯನಿಗೂ ಗೊತ್ತಾಗದ ಹಾಗೆ ತೀರ್ಮಾನ ಮಾಡಬಲ್ಲ ಜಾಗವೊಂದು ಮತಗಟ್ಟೆಯ ಪರದೆಯ ಹಿಂದೆ ಸಿಕ್ಕಿತು. ಊರಿನ ಜಗಲಿಯಲ್ಲಿ ಕೂರಲಾಗದವನಿಗೂ ಅಲ್ಲಿ ಮತ ಚಲಾಯಿಸುವಷ್ಟು ಹೊತ್ತು ಯಾರ ಅಪ್ಪಣೆಯೂ ಬೇಕಿರಲಿಲ್ಲ.

ಮೊದಲ ಮತ ಬಿದ್ದದ್ದು 1951ರ ಅಕ್ಟೋಬರ್ 25ರಂದು, ಹಿಮಾಚಲದ ಚಿನಿ ಮತ್ತು ಪಾಂಗಿ ತಹಸೀಲುಗಳಲ್ಲಿ. ಹಿಮ ಬಿದ್ದು ದಾರಿ ಮುಚ್ಚುವ ಮೊದಲೇ ಅಲ್ಲಿ ಮುಗಿಸಬೇಕಿತ್ತು. ಅಂದು ಮತ ಹಾಕಿದ ಕಲ್ಪಾದ ಶಾಲಾ ಮಾಸ್ತರ ಶ್ಯಾಮ ಶರಣ ನೇಗಿ ಮುಂದೆ ಒಂದು ಚುನಾವಣೆಯನ್ನೂ ಬಿಡಲಿಲ್ಲ. 2022ರ ನವೆಂಬರಿನಲ್ಲಿ ಅಂಚೆ ಮತ ಹಾಕಿದ ಕೆಲವೇ ದಿನಗಳಲ್ಲಿ, ನೂರೈದರ ವಯಸ್ಸಿನಲ್ಲಿ ತೀರಿಕೊಂಡರು. ದೇಶದ ಉಳಿದ ಕಡೆ ಮತದಾನ 1952ರ ಫೆಬ್ರವರಿಯವರೆಗೆ ನಡೆಯಿತು. ನೂರಕ್ಕೆ 45ರಷ್ಟು ಜನ ಬಂದರು. ಲೋಕಸಭೆಯ 489 ಸ್ಥಾನಗಳಿಗೆ 401 ಕ್ಷೇತ್ರಗಳಿದ್ದವು. ಅವುಗಳಲ್ಲಿ 86 ದ್ವಿಸದಸ್ಯ ಕ್ಷೇತ್ರಗಳು: ಒಂದು ಸ್ಥಾನ ಸಾಮಾನ್ಯ, ಇನ್ನೊಂದು ಪರಿಶಿಷ್ಟ ಜಾತಿಗೋ ಪಂಗಡಕ್ಕೋ ಮೀಸಲು. ಈ ವ್ಯವಸ್ಥೆ 1961ರಲ್ಲಿ ರದ್ದಾಗಿ ಪ್ರತ್ಯೇಕ ಮೀಸಲು ಕ್ಷೇತ್ರಗಳು ಬಂದವು.

ಈ ಚುನಾವಣೆಯಲ್ಲಿ ಉತ್ತರ ಮುಂಬಯಿಯಿಂದ ಸ್ಪರ್ಧಿಸಿದ ಅಂಬೇಡ್ಕರರು ಸೋತರು. ಎಲ್ಲರಿಗೂ ಮತ ಕೊಡಿಸಿದವರು ಮತದ ತೀರ್ಪಿಗೆ ತಲೆಬಾಗಿದರು. 1949ರ ನವೆಂಬರ್ 25ರ ಭಾಷಣದಲ್ಲಿ ಅವರೇ ಎಚ್ಚರಿಸಿದ್ದರು: ರಾಜಕೀಯದಲ್ಲಿ ಸಮಾನತೆ ಬರುತ್ತಿದೆ, ಸಾಮಾಜಿಕ ಮತ್ತು ಆರ್ಥಿಕ ಬದುಕಿನಲ್ಲಿ ಅಸಮಾನತೆ ಉಳಿಯುತ್ತಿದೆ, ಈ ವೈರುಧ್ಯವನ್ನು ಬಹಳ ಕಾಲ ಹೊತ್ತು ನಡೆಯಲಾಗದು. ಗಣರಾಜ್ಯೋತ್ಸವದಂದು ಓದಬೇಕಾದ ಮಾತು ಇದ್ದರೆ ಅದು ಇದೇ.

ಹೆಸರು ಹೇಳದ 28 ಲಕ್ಷ

ಮೊದಲ ಪಟ್ಟಿಯಲ್ಲಿ ಒಂದು ದೊಡ್ಡ ಬಿರುಕು ಕಂಡಿತು. ಉತ್ತರದ ಹಲವು ರಾಜ್ಯಗಳಲ್ಲಿ ಲಕ್ಷಾಂತರ ಹೆಂಗಸರು ಅಪರಿಚಿತ ಅಧಿಕಾರಿಗೆ ತಮ್ಮ ಹೆಸರು ಹೇಳಲಿಲ್ಲ. ಇಂಥವನ ಹೆಂಡತಿ, ಇಂಥವನ ತಾಯಿ ಎಂದಷ್ಟೇ ಬರೆಸಿದರು. ಗುಮಾಸ್ತರು ಹಾಗೆಯೇ ಬರೆದುಕೊಂಡು ಬಂದರು. ಸೇನ್ ಇದನ್ನು ಒಪ್ಪಲಿಲ್ಲ. ಮತದಾರಳಿಗೆ ಅವಳದೇ ಹೆಸರಿರಬೇಕು ಎಂದು ಪಟ್ಟು ಹಿಡಿದರು. ಸರಿಪಡಿಸಲು ಹೆಚ್ಚುವರಿ ಕಾಲಾವಕಾಶ ಕೊಟ್ಟರೂ ಹೆಸರು ಬಾರದವರನ್ನು ಕೈಬಿಡಲಾಯಿತು. ಸುಮಾರು 8 ಕೋಟಿ ಮಹಿಳಾ ಮತದಾರರಲ್ಲಿ ಅಂದಾಜು 28 ಲಕ್ಷ ಮಂದಿ ಹೀಗೆ ಹೊರಗುಳಿದರು. ಹೆಚ್ಚಿನವರು ಬಿಹಾರ, ಉತ್ತರ ಪ್ರದೇಶ, ಮಧ್ಯ ಭಾರತ, ರಾಜಸ್ಥಾನ, ವಿಂಧ್ಯ ಪ್ರದೇಶಗಳವರು.

ಅದು ಕಠಿಣ ನಿರ್ಧಾರ. 28 ಲಕ್ಷ ಮಂದಿ ತಮ್ಮದಲ್ಲದ ತಪ್ಪಿಗೆ ಮೊದಲ ಚುನಾವಣೆ ಕಳೆದುಕೊಂಡರು. ಆ ನಷ್ಟವನ್ನು ಸಣ್ಣದೆನ್ನಲಾಗದು. ಆದರೂ ಸೇನ್ ಅಂದು ಸಡಿಲ ಬಿಟ್ಟಿದ್ದರೆ ಹೆಣ್ಣಿನ ಮತ ಗಂಡನ ಮತದ ಬಾಲವಾಗಿ ಉಳಿಯುತ್ತಿತ್ತು. ನಿನ್ನ ಹೆಸರೇನು ಎಂದು ಸರಕಾರವೇ ಬಾಗಿಲಿಗೆ ಬಂದು ಹೆಣ್ಣನ್ನು ಕೇಳಿದ್ದು, ಉತ್ತರ ಅವಳ ಬಾಯಿಂದಲೇ ಬರಬೇಕೆಂದು ನಿಂತದ್ದು ಯಾವ ಸುಧಾರಣಾ ಕಾನೂನಿಗೂ ಕಡಿಮೆಯಲ್ಲ. 1957ರ ಚುನಾವಣೆಯ ಹೊತ್ತಿಗೆ ವಯಸ್ಕ ಮಹಿಳೆಯರಲ್ಲಿ ನೂರಕ್ಕೆ 94ರಷ್ಟು ಮಂದಿ ಪಟ್ಟಿಯಲ್ಲಿದ್ದರು. 1962ರಲ್ಲಿ ಮತ ಹಾಕಿದವರ ಪ್ರಮಾಣ ಗಂಡಸರಲ್ಲಿ ನೂರಕ್ಕೆ 63, ಹೆಂಗಸರಲ್ಲಿ 47. 2024ರ ಲೋಕಸಭಾ ಚುನಾವಣೆಯಲ್ಲಿ ಹೆಂಗಸರ ಪ್ರಮಾಣವೇ ತುಸು ಹೆಚ್ಚು. ಹೆಸರು ಹೇಳಲು ಹಿಂಜರಿದವರ ಮೊಮ್ಮಕ್ಕಳು ಇಂದು ಸರಕಾರಗಳ ಹಣೆಬರಹ ಬರೆಯುತ್ತಿದ್ದಾರೆ.

ಐದು ಆಡಳಿತಗಳಲ್ಲಿ ಕನ್ನಡಿಗರು

1952ರಲ್ಲಿ ಕನ್ನಡಿಗರು ಒಂದೇ ರಾಜ್ಯದವರಾಗಿ ಮತ ಹಾಕಲಿಲ್ಲ. ಮೈಸೂರು, ಕೊಡಗು, ಮುಂಬಯಿ, ಹೈದರಾಬಾದು, ಮದ್ರಾಸು ಎಂದು ಐದು ಕಡೆ ಹಂಚಿಹೋಗಿದ್ದರು. 1956ರ ನವೆಂಬರ್ 1ರ ಏಕೀಕರಣದ ಮೇಲೆ 1957ರಲ್ಲಿ ಮೊದಲ ಸಲ ಒಂದೇ ವಿಧಾನಸಭೆಗೆ ಮತ ಹಾಕಿದರು.

ಮತ ನಮ್ಮ ನೆಲದಲ್ಲಿ ಏನು ಮಾಡಬಲ್ಲದೆಂದು ಮೊದಲ ಚುನಾವಣೆಯೇ ತೋರಿಸಿತು. 1951ರಲ್ಲಿ ಸಾಗರದ ಬಳಿಯ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿದ್ದರು. ಗೇಣಿ ಅಳೆಯುವ ಕೊಳಗದ ಗಾತ್ರವೇ ಮೋಸದ್ದು ಎಂಬುದು ಅವರ ಮೂಲ ದೂರು. ಎಚ್. ಗಣಪತಿಯಪ್ಪನವರು ಗೇಣಿದಾರರನ್ನು ಸಂಘಟಿಸಿದರು, ಸಮಾಜವಾದಿಗಳು ಜೊತೆಗೂಡಿದರು, ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಮುಂದಿನ ವರ್ಷವೇ ಸಾಗರ–ಹೊಸನಗರ ಕ್ಷೇತ್ರದಿಂದ ಶಾಂತವೇರಿ ಗೋಪಾಲಗೌಡರು ಸಮಾಜವಾದಿಯಾಗಿ ಗೆದ್ದು ವಿಧಾನಸಭೆಗೆ ಹೋದರು. ಧಣಿಯ ಅಂಗಳದಲ್ಲಿ ಕೈಕಟ್ಟಿ ನಿಲ್ಲುತ್ತಿದ್ದ ಗೇಣಿದಾರನ ದೂರು ವಿಧಾನಸಭೆಯ ಚರ್ಚೆಯಾಯಿತು. ಆ ದೂರಿಗೆ ಕಾನೂನಿನ ಪರಿಹಾರ ಸಿಗಲು ಇನ್ನೂ ಎರಡು ದಶಕ ಬೇಕಾಯಿತೆಂಬುದೂ ನಿಜ. 1972ರಲ್ಲಿ ಮುಖ್ಯಮಂತ್ರಿಯಾದ ದೇವರಾಜ ಅರಸರ ಕಾಲದಲ್ಲಿ, 1974ರ ಭೂಸುಧಾರಣಾ ತಿದ್ದುಪಡಿಯಿಂದ ಉಳುವವನೇ ಹೊಲದೊಡೆಯನಾದ. ಹಾವನೂರು ಆಯೋಗ ಹಿಂದುಳಿದವರ ಪಾಲನ್ನು ಲೆಕ್ಕಕ್ಕೆ ತಂದಿತು. ಅರಸು ಸಂಪುಟದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದರು. ಸಂಖ್ಯೆಯಿದ್ದೂ ದನಿಯಿಲ್ಲದ ಸಮುದಾಯಗಳು ಮತದ ಬಲ ಅರಿತಾಗ ಆಡಳಿತದ ದಿಕ್ಕೇ ಹೇಗೆ ತಿರುಗುತ್ತದೆಂಬುದಕ್ಕೆ ಆ ವರ್ಷಗಳು ಸಾಕ್ಷಿ.

ಮುಂದಿನ ಹೆಜ್ಜೆ ಪಂಚಾಯಿತಿಯದು. ಆಗಿನ ಸಚಿವ ಅಬ್ದುಲ್ ನಜೀರ್ ಸಾಬ್ ಅವರ ಶ್ರಮದಿಂದ ಬಂದ 1983ರ ಕಾಯಿದೆಯಡಿ, 1987ರ ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯಿತಿ ಚುನಾವಣೆಗಳಲ್ಲಿ ನೂರಕ್ಕೆ 25 ಸ್ಥಾನ ಮಹಿಳೆಯರಿಗೆ ಮೀಸಲಾಯಿತು. ಸಂವಿಧಾನದ 73ನೇ ತಿದ್ದುಪಡಿ ಮೂರನೇ ಒಂದು ಪಾಲನ್ನು ಇಡೀ ದೇಶದಲ್ಲಿ ಕಡ್ಡಾಯ ಮಾಡುವುದಕ್ಕೆ ಆರು ವರ್ಷ ಮೊದಲಿನ ಮಾತಿದು. ಆ ತಿದ್ದುಪಡಿಯ ನಂತರ ಪಂಚಾಯಿತಿ ಚುನಾವಣೆ ನಡೆಸಲು ರಾಜ್ಯ ಚುನಾವಣಾ ಆಯೋಗಗಳೂ ಹುಟ್ಟಿಕೊಂಡವು. ಕರ್ನಾಟಕದಲ್ಲಿ ಈಗ ಮಹಿಳೆಯರ ಪಾಲು ಅರ್ಧ. ಸಂಸತ್ತಿನಲ್ಲೂ ವಿಧಾನಸಭೆಗಳಲ್ಲೂ ಮೂರನೇ ಒಂದು ಪಾಲು ಕೊಡುವ 106ನೇ ತಿದ್ದುಪಡಿ 2023ರಲ್ಲಿ ಅಂಗೀಕಾರವಾಯಿತು. ಅದನ್ನು ಜನಗಣತಿ ಮತ್ತು ಕ್ಷೇತ್ರ ಪುನರ್ವಿಂಗಡಣೆಗೆ ಕಟ್ಟಿಹಾಕಲಾಗಿದೆ. ಹಳ್ಳಿಯ ಕಟ್ಟೆಯಲ್ಲಿ ಆಗಿ ತೋರಿಸಿದ್ದಕ್ಕೆ ದಿಲ್ಲಿ ಇಷ್ಟು ಕಾಲ ತೆಗೆದುಕೊಳ್ಳಬೇಕಿರಲಿಲ್ಲ.

ಮೈಸೂರಿನ ಶಾಯಿ, ಬೆಂಗಳೂರಿನ ಯಂತ್ರ

ಆಯೋಗದ ಚರಿತ್ರೆಯಲ್ಲಿ ಕನ್ನಡ ನಾಡಿನ ಕೈಕೆಲಸಕ್ಕೂ ಪಾಲಿದೆ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ ಮೈಸೂರಿನಲ್ಲಿ ಅರಗು ಮತ್ತು ಬಣ್ಣದ ಕಾರ್ಖಾನೆ ಶುರುವಾಯಿತು. ಇಂದಿನ ಹೆಸರು ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್. ರಾಷ್ಟ್ರೀಯ ಭೌತ ಪ್ರಯೋಗಾಲಯ ರೂಪಿಸಿದ ಅಳಿಸಲಾಗದ ಶಾಯಿಯನ್ನು 1962ರ ಚುನಾವಣೆಯಿಂದ ಈಚೆಗೆ ಆಯೋಗಕ್ಕೆ ಒದಗಿಸುತ್ತಿರುವುದು ಇದೇ ರಾಜ್ಯ ಸರಕಾರಿ ಸಂಸ್ಥೆ. ಶಾಯಿಯಲ್ಲಿರುವ ಬೆಳ್ಳಿಯ ನೈಟ್ರೇಟು ಚರ್ಮದ ಉಪ್ಪಿನೊಡನೆ ಬೆರೆತು, ಬೆಳಕಿಗೆ ಕಪ್ಪಾಗಿ ಕೂರುತ್ತದೆ. ಉಗುರು ಬೆಳೆದು ಹೋಗುವ ತನಕ ಸೋಪಿಗೂ ಎಣ್ಣೆಗೂ ಬಗ್ಗುವುದಿಲ್ಲ. ಒಬ್ಬರಿಗೆ ಒಂದೇ ಮತ ಎಂಬ ನಿಯಮವನ್ನು ಪ್ರಧಾನಿಯ ಬೆರಳ ಮೇಲೂ ಪೌರಕಾರ್ಮಿಕರ ಬೆರಳ ಮೇಲೂ ಒಂದೇ ಹನಿ ಬರೆಯುತ್ತದೆ. ಹೊರದೇಶಗಳ ಚುನಾವಣೆಗಳಿಗೂ ಈ ಶಾಯಿ ಹೋಗುತ್ತದೆ.

ಮತಯಂತ್ರಗಳನ್ನು ತಯಾರಿಸುವ ಎರಡು ಸಾರ್ವಜನಿಕ ಸಂಸ್ಥೆಗಳಲ್ಲಿ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಒಂದು, ಹೈದರಾಬಾದಿನ ಇಸಿಐಎಲ್ ಇನ್ನೊಂದು. 1982ರಲ್ಲಿ ಕೇರಳದ ಪರೂರಿನಲ್ಲಿ ಯಂತ್ರದ ಮೊದಲ ಪ್ರಯೋಗ ನಡೆಯಿತು. ಕಾನೂನಿನಲ್ಲಿ ಅದಕ್ಕೆ ಅವಕಾಶವಿಲ್ಲವೆಂದು 1984ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆಮೇಲೆ ಕಾನೂನೇ ತಿದ್ದುಪಡಿಯಾಯಿತು. 2004ರಲ್ಲಿ ಲೋಕಸಭೆಯ ಎಲ್ಲ ಕ್ಷೇತ್ರಗಳಲ್ಲೂ ಯಂತ್ರ ಬಂತು. ಯಂತ್ರವನ್ನು ಕುರಿತ ಸಂಶಯಗಳಿಗೆ ಉತ್ತರವಾಗಿ, ಮತ ಯಾರಿಗೆ ಬಿತ್ತೆಂದು ಕಾಗದದಲ್ಲಿ ತೋರಿಸುವ ವ್ಯವಸ್ಥೆ 2013ರಿಂದ ಶುರುವಾಯಿತು. ಸಂಶಯ ಪಡುವುದು ಪ್ರಜೆಯ ಹಕ್ಕು, ಅದನ್ನು ತೆರೆದ ಮನಸ್ಸಿನಿಂದ ಪರಿಹರಿಸುವುದು ಆಯೋಗದ ಧರ್ಮ.

ಕುಗ್ಗಿದ ಕಾಲ, ಗಟ್ಟಿಯಾದ ಕಾಲ

ಈ ಹಾದಿ ನೇರವಾಗಿರಲಿಲ್ಲ. 1975ರಲ್ಲಿ ತುರ್ತು ಪರಿಸ್ಥಿತಿ ಬಂದು ಹಕ್ಕುಗಳು ಅಮಾನತಾದವು. 1977ರ ಮಾರ್ಚಿನಲ್ಲಿ ಚುನಾವಣೆ ನಡೆದಾಗ ಜನ ಆಳುವ ಪಕ್ಷವನ್ನು ಇಳಿಸಿದರು. ಅಧಿಕಾರ ಶಾಂತವಾಗಿ ಕೈ ಬದಲಾಯಿತು. ಮತದ ಮಹತ್ವವನ್ನು ಇದಕ್ಕಿಂತ ಚೆನ್ನಾಗಿ ಹೇಳಿದ ಘಟನೆ ನಮ್ಮಲ್ಲಿಲ್ಲ. ಎಪ್ಪತ್ತು, ಎಂಬತ್ತರ ದಶಕಗಳಲ್ಲಿ ಮತಗಟ್ಟೆ ವಶಪಡಿಸಿಕೊಳ್ಳುವ ಪಿಡುಗು ಬೆಳೆಯಿತು. ಬಡವರ ಕೇರಿಯವರು ಗಟ್ಟೆ ತಲುಪುವ ಮೊದಲೇ ಅವರ ಮತ ಬಿದ್ದಿರುತ್ತಿತ್ತು.

1989ರಲ್ಲಿ ಮತದ ವಯಸ್ಸು 21ರಿಂದ 18ಕ್ಕೆ ಇಳಿದು ಕೋಟ್ಯಂತರ ಎಳೆಯರು ಪಟ್ಟಿಗೆ ಬಂದರು. 1990ರ ಕೊನೆಯಲ್ಲಿ ಕೆಲವೇ ದಿನಗಳ ಮಟ್ಟಿಗೆ ವಿ.ಎಸ್. ರಮಾದೇವಿ ಆಯೋಗದ ಮೊದಲ ಮಹಿಳಾ ಮುಖ್ಯಸ್ಥೆಯಾದರು. ಮುಂದೆ ಅವರು ಕರ್ನಾಟಕದ ರಾಜ್ಯಪಾಲರೂ ಆದರು. ಅವರ ನಂತರ ಬಂದ ಟಿ.ಎನ್. ಶೇಷನ್ ಆರು ವರ್ಷ ಆಯೋಗದ ಹೆಸರನ್ನು ಮನೆಮಾತು ಮಾಡಿದರು. ಮಾದರಿ ನೀತಿ ಸಂಹಿತೆ 1960ರಲ್ಲಿ ಕೇರಳದಲ್ಲಿ ಮೊಳೆತದ್ದೇ ಆದರೂ ಅದಕ್ಕೆ ಹಲ್ಲು ಮೂಡಿದ್ದು ಇವರ ಕಾಲದಲ್ಲಿ. 1993ರಿಂದ ಭಾವಚಿತ್ರವಿರುವ ಗುರುತಿನ ಚೀಟಿ ಬಂತು. ಸರಕಾರದ ಬೇರೆ ಯಾವ ಕಾಗದವೂ ಇಲ್ಲದ ಲಕ್ಷಾಂತರ ಬಡವರು ಆ ಚೀಟಿಯನ್ನು ಜೋಪಾನವಾಗಿ ಪೆಟ್ಟಿಗೆಯಲ್ಲಿಟ್ಟುಕೊಂಡರು. 1993ರಿಂದ ಆಯೋಗ ಮೂವರು ಸದಸ್ಯರದಾಗಿದೆ.

ಪಟ್ಟಿಯ ಬಾಗಿಲು ಮತ್ತಷ್ಟು ಅಗಲವಾಯಿತು. ಗಂಡು ಅಥವಾ ಹೆಣ್ಣು ಎಂದು ಬರೆಸಿಕೊಳ್ಳಲೇಬೇಕಿದ್ದ ಲಿಂಗತ್ವ ಅಲ್ಪಸಂಖ್ಯಾತರಿಗೆ 2009ರಲ್ಲಿ ‘ಇತರೆ’ ಎಂಬ ಅಂಕಣ ಸಿಕ್ಕಿತು. 2024ರ ಹೊತ್ತಿಗೆ ಸುಮಾರು 48 ಸಾವಿರ ಮಂದಿ ಅಲ್ಲಿ ತಮ್ಮ ಹೆಸರು ಬರೆಸಿದ್ದರು. ಅದೇ ವರ್ಷ 85 ದಾಟಿದವರು ಮತ್ತು ತೀವ್ರ ಅಂಗವೈಕಲ್ಯ ಇರುವವರು ಮನೆಯಲ್ಲೇ ಮತ ಹಾಕಿದರು. ಗೀರ್ ಕಾಡಿನೊಳಗೆ ಒಬ್ಬನೇ ಮತದಾರನಿಗಾಗಿ ಮತಗಟ್ಟೆ ತೆರೆದದ್ದು ಆಯೋಗದ ಕೀರ್ತಿಯ ಮಾತು. ಒಂದು ಮತಕ್ಕೂ ಅಷ್ಟು ದೂರ ನಡೆಯುತ್ತೇವೆ ಎಂಬ ಹಟವೇ ಈ ಸಂಸ್ಥೆಯ ನಿಜವಾದ ಪರಂಪರೆ.

ಉಳಿದ ಕೆಲಸ

2024ರ ಲೋಕಸಭಾ ಚುನಾವಣೆಯ ಹೊತ್ತಿಗೆ ಪಟ್ಟಿಯಲ್ಲಿ 97 ಕೋಟಿಯಷ್ಟು ಹೆಸರುಗಳಿದ್ದವು. ಅಂದರೆ ಕೆಲಸ ಮುಗಿಯಿತೆಂದಲ್ಲ. ಆಯುಕ್ತರನ್ನು ಯಾರು ನೇಮಿಸಬೇಕೆಂಬ ಪ್ರಶ್ನೆ ಇನ್ನೂ ಬಿಸಿಯಾಗಿದೆ. 2023ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟ್, ಸಂಸತ್ತು ಕಾನೂನು ಮಾಡುವವರೆಗೆ ಆಯ್ಕೆ ಸಮಿತಿಯಲ್ಲಿ ಮುಖ್ಯ ನ್ಯಾಯಮೂರ್ತಿಯೂ ಇರಬೇಕೆಂದಿತು. ಅದೇ ವರ್ಷದ ಡಿಸೆಂಬರಿನಲ್ಲಿ ಬಂದ ಕಾನೂನು ಆ ಜಾಗದಲ್ಲಿ ಕೇಂದ್ರ ಸಚಿವರೊಬ್ಬರನ್ನು ಕೂರಿಸಿತು. 2025ರಲ್ಲಿ ಬಿಹಾರದ ವಿಶೇಷ ಪರಿಷ್ಕರಣೆಯ ಕರಡು ಪಟ್ಟಿಯಿಂದ ಸುಮಾರು 65 ಲಕ್ಷ ಹೆಸರುಗಳು ಹೊರಗುಳಿದವು. ಬಿಟ್ಟ ಹೆಸರುಗಳನ್ನೂ ಕಾರಣಗಳನ್ನೂ ಪ್ರಕಟಿಸಬೇಕೆಂದು ಸುಪ್ರೀಂ ಕೋರ್ಟ್ ಹೇಳಬೇಕಾಯಿತು. ಸತ್ತವರ ಹೆಸರು, ಎರಡೆರಡು ಕಡೆ ಇರುವ ಹೆಸರು ತೆಗೆಯುವುದು ಬೇಕಾದ ಕೆಲಸವೇ. ಆದರೆ ಒಂದು ಹೆಸರು ತೆಗೆಯುವ ಮುನ್ನ ಆ ಮನುಷ್ಯನ ಬಾಗಿಲು ತಟ್ಟಿ ಕೇಳುವ 1948ರ ತಾಳ್ಮೆ ಇಂದಿನ ಆಯೋಗಕ್ಕೂ ಇರಬೇಕು. ಅದನ್ನು ಕೇಳುವುದು ಸಂಸ್ಥೆಗೆ ಮಾಡುವ ಅಗೌರವವಲ್ಲ. ಅದು ಹುಟ್ಟಿದ ಕಾರಣಕ್ಕೆ ಕೊಡುವ ಗೌರವ.

ದುಡಿಮೆಗಾಗಿ ಊರು ಬಿಟ್ಟವರ ಮತದ ಪ್ರಶ್ನೆಯೂ ಬಾಕಿ ಇದೆ. ಕಲ್ಯಾಣ ಕರ್ನಾಟಕದಿಂದ ಬೆಂಗಳೂರಿಗೆ, ಗೋವೆಗೆ, ಮುಂಬಯಿಗೆ ಕಟ್ಟಡ ಕೆಲಸಕ್ಕೆ ಹೋದ ಕುಟುಂಬದ ಹೆಸರು ಊರಿನಲ್ಲಿರುತ್ತದೆ, ಕುಟುಂಬ ಇರುವುದಿಲ್ಲ. ಹೊರದೇಶದಲ್ಲಿರುವ ಭಾರತೀಯ ಪೌರರು ಹೆಸರು ಸೇರಿಸಬಹುದಾದರೂ ಮತ ಹಾಕಲು ಊರಿಗೇ ಬರಬೇಕು. ಇನ್ನೊಂದೆಡೆ, ಹತ್ತು ಹೆಜ್ಜೆ ದೂರದಲ್ಲಿ ಮತಗಟ್ಟೆ ಇದ್ದೂ ಹೋಗದವರಿದ್ದಾರೆ. 2023ರ ವಿಧಾನಸಭಾ ಚುನಾವಣೆಯಲ್ಲಿ ರಾಜ್ಯದಲ್ಲಿ ನೂರಕ್ಕೆ 73ರಷ್ಟು ಮತದಾನವಾದಾಗ ಬೆಂಗಳೂರು ನಗರ 55ರ ಆಸುಪಾಸಿನಲ್ಲೇ ನಿಂತಿತು. ಕೂಲಿ ಬಿಟ್ಟು ಬಸ್ಸು ಹತ್ತಿ ಊರಿಗೆ ಹೋಗಿ ಮತ ಹಾಕುವವರ ಮುಂದೆ ಈ ಉದಾಸೀನ ನಾಚಿಕೆಯ ವಿಷಯ.

2011ರಿಂದ ಜನವರಿ 25 ರಾಷ್ಟ್ರೀಯ ಮತದಾರರ ದಿನ. ಮರುದಿನ ಗಣರಾಜ್ಯೋತ್ಸವ. ಈ ಎರಡು ದಿನಗಳನ್ನು ಒಟ್ಟಿಗೆ ಆಚರಿಸುವ ಸರಳ ದಾರಿಯೊಂದಿದೆ. ಪಟ್ಟಿ ತೆರೆದು ನಿಮ್ಮ ಹೆಸರು ನೋಡಿ. ನಿಮ್ಮ ಮನೆಯಲ್ಲಿ ಕೆಲಸ ಮಾಡುವವರ, ಬೀದಿ ಗುಡಿಸುವವರ, ಹೊಸದಾಗಿ ಬಾಡಿಗೆಗೆ ಬಂದವರ ಹೆಸರು ಇದೆಯೇ ಎಂದು ವಿಚಾರಿಸಿ. 18 ತುಂಬಿದ ಮಕ್ಕಳಿಂದ ನಮೂನೆ 6 ಭರ್ತಿ ಮಾಡಿಸಿ. ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ಎಂದು ವರ್ಷಕ್ಕೆ ನಾಲ್ಕು ಅರ್ಹತಾ ದಿನಾಂಕಗಳು ಈಗಿವೆ. ತಪ್ಪಾಗಿ ತೆಗೆದ ಹೆಸರು ಕಂಡರೆ ಆಕ್ಷೇಪಣೆ ಕೊಡಿ, ಮತಗಟ್ಟೆ ಅಧಿಕಾರಿಯನ್ನು ಕೇಳಿ, ಉತ್ತರ ಬರುವ ತನಕ ಬಿಡಬೇಡಿ. ಸಮಾನ ಮತ, ಅಸಮಾನ ಬದುಕು ಎಂದು ಅಂಬೇಡ್ಕರರು ಹೇಳಿದ ಆ ವೈರುಧ್ಯ ಇನ್ನೂ ನಮ್ಮ ನಡುವೆ ಇದೆ. ಅದನ್ನು ಕರಗಿಸಲು ನಮ್ಮ ಕೈಗೆ ಸಂವಿಧಾನ ಕೊಟ್ಟ ಮೊದಲ ಸಾಧನ ಈ ಪಟ್ಟಿ. ಅದರಲ್ಲಿ ನೆರೆಯವರ ಹೆಸರಿಗೂ ಕಾವಲಿರುವ ಪ್ರಜೆಯೇ ಗಣರಾಜ್ಯಕ್ಕೆ ಬೇಕಾದ ಪ್ರಜೆ.